ಕೊಟ್ಟವರ ಮಾತು ಕಾಯ್ದವರು

ಪುಣೆಯ ಯೆರವಡಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಜೈಲು. 1932ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಉಪವಾಸ ಕೂತದ್ದು ಅಲ್ಲಿ, ಪುಣೆ ಒಪ್ಪಂದವಾದದ್ದೂ ಅಲ್ಲೇ. ಅದೇ ಯೆರವಡಾದಲ್ಲಿ, ಮುಳಾ-ಮುಠಾ ನದಿಯ ಆಚೆ ದಡದಲ್ಲಿ, ಡೆಕ್ಕನ್ ಕಾಲೇಜು ಇದೆ. ಆ ಒಪ್ಪಂದವಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ, 1934ರಲ್ಲಿ, ಮುಂಬಯಿ ಸರ್ಕಾರ ಈ ಕಾಲೇಜನ್ನು ಮುಚ್ಚಿತು. ಮತ್ತೆ ಅದರ ಬಾಗಿಲು ತೆರೆದದ್ದು 1939ರ ಆಗಸ್ಟ್ 17ರಂದು. ತೆರೆಸಿದವನು ಯಾವುದೋ ದೊಡ್ಡ ಸಾಹುಕಾರನಲ್ಲ. ಅಲ್ಲಿ ಓದಿ ಹೋಗಿದ್ದ ಹಳೆಯ ವಿದ್ಯಾರ್ಥಿಗಳು ಸರ್ಕಾರದ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿ ತೆರೆಸಿದರು.

ಹಳೆಯ ವಿದ್ಯಾರ್ಥಿ ತಾನು ಓದಿದ ಸಂಸ್ಥೆಗೆ ಏನು ಕೊಡಬಹುದು ಎಂಬ ಮಾತು ಈಚಿನ ವರ್ಷಗಳಲ್ಲಿ ಆಗಾಗ ಸುದ್ದಿಯಾಗುತ್ತಿದೆ. 2023ರ ಜೂನ್‌ನಲ್ಲಿ ನಂದನ್ ನಿಲೇಕಣಿ ಮುಂಬಯಿ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟರು. 1973ರಲ್ಲಿ ಅವರು ಅಲ್ಲಿ ಸೇರಿ ಐವತ್ತು ವರ್ಷವಾದ ನೆನಪಿಗೆ ಕೊಟ್ಟ ಹಣ ಅದು. ಹಿಂದೆಯೇ ಕೊಟ್ಟಿದ್ದ 85 ಕೋಟಿಯೂ ಸೇರಿದರೆ ಒಟ್ಟು 400 ಕೋಟಿ. ಓದಿದ ಮನೆಯ ಋಣ ನೆನೆದು ಕೊಟ್ಟ ಅಷ್ಟು ದೊಡ್ಡ ಮೊತ್ತ ಸಂತೋಷದ ಸಂಗತಿಯೇ. ಆದರೆ ಅಂಥ ಸುದ್ದಿ ಓದಿದಾಗಲೆಲ್ಲ ನನ್ನ ಮನಸ್ಸು ಯೆರವಡಾದ ಆ ಮೊಕದ್ದಮೆಯ ಕಡೆಗೆ ಹೋಗುತ್ತದೆ. ಅಲ್ಲಿನ ಹಳೆಯ ವಿದ್ಯಾರ್ಥಿಗಳು ಹೊಸ ಕಟ್ಟಡ ಕಟ್ಟಿಸಲಿಲ್ಲ, ತಮ್ಮ ಹೆಸರಿನಲ್ಲಿ ನಿಧಿ ಇಡಲಿಲ್ಲ. ಎಂದೋ ಯಾರೋ ಕೊಟ್ಟಿದ್ದ ದಾನ ಮಣ್ಣುಪಾಲಾಗದಂತೆ ಅಡ್ಡ ನಿಂತರು. ಕೋಟಿಗಟ್ಟಲೆ ಕೊಡುವುದಕ್ಕಿಂತ ಈ ಕೆಲಸ ಒಂದು ಕೈ ಮೇಲು ಎಂದು ನಾನು ನಂಬಿದ್ದೇನೆ. ಯಾಕೆ ಎಂದು ಹೇಳಬೇಕಾದರೆ ಇನ್ನೂರು ವರ್ಷ ಹಿಂದಿನಿಂದ ಶುರುಮಾಡಬೇಕು.

ಈ ಕಾಲೇಜಿನ ಬೇರು ಇರುವುದೇ ದಾನದಲ್ಲಿ. ಮರಾಠರ ಸೇನಾಪತಿ ಖಂಡೇರಾವ್ ದಾಭಾಡೆ ವೇದಶಾಸ್ತ್ರ ಬಲ್ಲವರಿಗೆ ದಕ್ಷಿಣೆ ಕೊಡುವ ಪದ್ಧತಿ ಹಾಕಿದ. ಅವನ ನಂತರ ಪೇಶ್ವೆಯರು ಅದನ್ನು ನಡೆಸಿಕೊಂಡು ಬಂದರು. ಶ್ರಾವಣ ಮಾಸದಲ್ಲಿ ಪುಣೆಯಲ್ಲಿ ನಡೆಯುತ್ತಿದ್ದ ದಕ್ಷಿಣೆಗೆ ದೂರದೂರದ ಪಂಡಿತರು ಬಂದು ಸೇರುತ್ತಿದ್ದರು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿಯಿತು. ಹೊಸದಾಗಿ ಬಂದ ಆಂಗ್ಲರು ಹಳೆಯ ದೊರೆಗಳ ದಾನವನ್ನು ನಿಲ್ಲಿಸಬಹುದಿತ್ತು. ಮುಂಬಯಿ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಹಾಗೆ ಮಾಡದೆ ಅದರ ಒಂದು ಪಾಲನ್ನು ವಿದ್ಯೆಯ ಕಡೆಗೆ ತಿರುಗಿಸಿದ. 1821ರ ಅಕ್ಟೋಬರ್ 6ರಂದು ಪುಣೆಯ ವಿಶ್ರಾಮಬಾಗ್ ವಾಡೆಯಲ್ಲಿ ಹಿಂದೂ ಕಾಲೇಜು ಎಂಬ ಹೆಸರಿನ ಸಂಸ್ಕೃತ ಪಾಠಶಾಲೆ ಶುರುವಾಯಿತು.

ಅಲ್ಲಿ ಆಗ ಕಲಿಯಲು ಅವಕಾಶವಿದ್ದದ್ದು ಬ್ರಾಹ್ಮಣರಿಗೆ ಮಾತ್ರ. ಈ ಮಾತನ್ನು ಬಿಟ್ಟು ದಕ್ಷಿಣೆಯ ಕತೆ ಹೇಳುವುದು ತಪ್ಪಾಗುತ್ತದೆ. ಎಲ್ಲರ ಕಂದಾಯದಿಂದ ತುಂಬಿದ ಖಜಾನೆಯ ಹಣ ಒಂದೇ ಜಾತಿಗೆ ಸಲ್ಲುವುದನ್ನು ಪುಣೆಯ ಸುಧಾರಕರು 1849ರ ಹೊತ್ತಿಗೇ ಪ್ರಶ್ನಿಸಿದ್ದರು. ದಕ್ಷಿಣೆಯ ಒಂದು ಭಾಗವಾದರೂ ಮರಾಠಿ ಪುಸ್ತಕ ಬರೆಯುವವರಿಗೆ ಸಿಗಲಿ ಎಂದು ಅವರು ಅರ್ಜಿ ಹಾಕಿದಾಗ ಜೋತಿರಾವ್ ಫುಲೆ ಅವರ ಬೆನ್ನಿಗೆ ನಿಂತರು. ದಾನವನ್ನು ಕಾಯುವುದೆಂದರೆ ಅದರ ಹಳೆಯ ಬೇಲಿಯನ್ನೂ ಹಾಗೇ ಕಾಯಬೇಕೆಂದಲ್ಲ ಎಂಬುದಕ್ಕೆ ಇದೇ ಸಾಕ್ಷಿ. 1851ರಲ್ಲಿ ಪಾಠಶಾಲೆ ಊರಿನ ಇಂಗ್ಲಿಷ್ ಶಾಲೆಯ ಜೊತೆ ಕೂಡಿ ಪೂನಾ ಕಾಲೇಜಾಯಿತು. ಮುಂದೆ ಡೆಕ್ಕನ್ ಕಾಲೇಜು ಎಂಬ ಹೆಸರು ಬಂತು. 1868ರ ಮಾರ್ಚ್‌ನಲ್ಲಿ ಯೆರವಡಾದ ಹೊಸ ಕಟ್ಟಡಕ್ಕೆ ಬಂದು ನೆಲೆಯಾಯಿತು.

ಆ ಕಟ್ಟಡ ಬೂದುಗಲ್ಲಿನದು, ಗೋಥಿಕ್ ಶೈಲಿಯದು. ಮುಂಬಯಿಯ ಹಳೆಯ ಸಚಿವಾಲಯ ಕಟ್ಟಿಸಿದ ಸೇನಾ ಎಂಜಿನಿಯರ್ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್ ಅವರೇ ಇದರ ನಕ್ಷೆಯನ್ನೂ ಹಾಕಿದವರು. ಕಟ್ಟಿದ್ದು ಸರ್ಕಾರ, ಆದರೆ ಖರ್ಚಿನ ಅರ್ಧ ಬಂದದ್ದು ಮುಂಬಯಿಯ ಪಾರ್ಸಿ ವ್ಯಾಪಾರಿ ಸರ್ ಜಮ್‌ಶೆಟ್‌ಜಿ ಜೀಜಿಭಾಯಿ ಮನೆತನದಿಂದ. ಈ ಅರ್ಧದ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮೊದಲ ಜಮ್‌ಶೆಟ್‌ಜಿ ಹುಟ್ಟಿದ್ದು 1783ರಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆತಾಯಿ ಇಲ್ಲವಾಗಿ, ಖಾಲಿ ಬಾಟಲಿ ಮಾರುವ ನೆಂಟರ ಆಶ್ರಯದಲ್ಲಿ ಬೆಳೆದು, ಚೀನಾದ ಜೊತೆ ಹತ್ತಿ ಮತ್ತು ಅಫೀಮಿನ ವ್ಯಾಪಾರ ಮಾಡಿ ಅಪಾರ ಸಂಪತ್ತು ಗಳಿಸಿದ. ಅಫೀಮಿನ ಹಣ ಎಂಬುದನ್ನು ಮರೆಮಾಡುವುದು ಬೇಡ. ಆ ಸರಕು ಚೀನಾದ ಎಷ್ಟು ಮನೆಗಳನ್ನು ಹಾಳುಮಾಡಿತೆಂಬುದು ಇತಿಹಾಸ ಬಲ್ಲವರಿಗೆಲ್ಲ ಗೊತ್ತು. ಅದೇ ಹಣ ಮುಂಬಯಿಯ ಜೆ.ಜೆ. ಆಸ್ಪತ್ರೆಯಾಯಿತು, ಜೆ.ಜೆ. ಕಲಾಶಾಲೆಯಾಯಿತು. ಪುಣೆಯಲ್ಲಿ ನದಿಗೆ ಒಡ್ಡು ಕಟ್ಟಿ ಊರಿಗೆ ನೀರು ಕೊಡುವ ಕೆಲಸಕ್ಕೂ ಅವನು ದೊಡ್ಡ ಮೊತ್ತ ಕೊಟ್ಟಿದ್ದ. ಬ್ಯಾರೊನೆಟ್ ಪದವಿ ಪಡೆದ ಮೊದಲ ಭಾರತೀಯ ಅವನು. 1859ರಲ್ಲಿ ತೀರಿಕೊಂಡ, ಯೆರವಡಾದ ಕಟ್ಟಡ ಎದ್ದು ನಿಂತದ್ದನ್ನು ಅವನು ನೋಡಲಿಲ್ಲ. ಆ ಮನೆತನದವರ ಹಣದಿಂದ ಎದ್ದ ಗೋಡೆಗಳ ನಡುವೆ ಯಾರು ಓದಿದರು, ಮುಂದೆ ಏನಾದರು ಎಂಬುದೂ ಅವನಿಗೆ ತಿಳಿಯುವಂತಿರಲಿಲ್ಲ.

ಓದಿದವರನ್ನು ನೋಡಿ. ಬಾಲ ಗಂಗಾಧರ ತಿಲಕ ಮತ್ತು ಗೋಪಾಳ ಗಣೇಶ ಆಗರ್ಕರ್ ಗೆಳೆಯರಾದದ್ದು ಈ ಕಾಲೇಜಿನಲ್ಲಿ. ಒಬ್ಬರು ಕಾನೂನು ಓದುತ್ತಿದ್ದರು, ಇನ್ನೊಬ್ಬರು ಎಂ.ಎ. ಅಲ್ಲೇ ಓದಿ ಹೋಗಿದ್ದ ವಿಷ್ಣುಶಾಸ್ತ್ರಿ ಚಿಪಳೂಣಕರರ ಜೊತೆ ಸೇರಿ ಅವರು 1880ರ ಜನವರಿಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ತೆರೆದರು. 1884ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು. ಅದರ ಮೊದಲ ಪ್ರಿನ್ಸಿಪಾಲರು ವಾಮನ ಶಿವರಾಮ ಆಪಟೆ, ಅವರೂ ಡೆಕ್ಕನ್ ಕಾಲೇಜಿನವರೇ. ನಮ್ಮ ಸಂಸ್ಕೃತ ವಿದ್ಯಾರ್ಥಿಗಳ ಮೇಜಿನ ಮೇಲೆ ಇವತ್ತಿಗೂ ಇರುವ ಆಪಟೆ ನಿಘಂಟು ಅವರದೇ. ಇತಿಹಾಸಕಾರ ವಿ.ಕಾ. ರಾಜವಾಡೆ ಇಲ್ಲಿ ಓದಿ 1910ರಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿದರು. ಇಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ರಾಮಕೃಷ್ಣ ಗೋಪಾಳ ಭಂಡಾರ್ಕರರ ಹೆಸರಿನಲ್ಲಿ 1917ರಲ್ಲಿ ಸಂಶೋಧನಾ ಸಂಸ್ಥೆ ಹುಟ್ಟಿದಾಗ ಅವರು ತಮ್ಮ ಸ್ವಂತ ಗ್ರಂಥಭಂಡಾರವನ್ನು ಅದಕ್ಕೆ ಕೊಟ್ಟರು. ಭಂಡಾರ್ಕರರಿಗೂ ಮೊದಲು ಇಲ್ಲಿ ಪಾಠ ಹೇಳಿದ ಜರ್ಮನ್ ವಿದ್ವಾಂಸ ಫ್ರಾನ್ಜ್ ಕೀಲ್‌ಹಾರ್ನ್, ಮುಂದೆ ತಮ್ಮ ದೇಶಕ್ಕೆ ಮರಳಿದ ಮೇಲೆ, ನಮ್ಮ ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿ ಪ್ರಕಟಿಸಿದರು.

ಕನ್ನಡ ನಾಡಿಗೂ ಈ ದಾರಿ ಬೇಕಾಗಿತ್ತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಹುಡುಗರು ಮುಂಬಯಿ ಪ್ರಾಂತದಲ್ಲಿದ್ದವರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ತನಕ ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬಯಿಗೋ ರೈಲು ಹತ್ತಲೇಬೇಕಿತ್ತು. ಜಮಖಂಡಿಯಲ್ಲಿ ಹುಟ್ಟಿ, ಅಲ್ಲಿನ ಪರಶುರಾಮಭಾವೂ ಹೈಸ್ಕೂಲಿನಲ್ಲಿ 1902ರಲ್ಲಿ ಮೆಟ್ರಿಕ್ ಮುಗಿಸಿದ ರಾಮಚಂದ್ರ ದತ್ತಾತ್ರೇಯ ರಾನಡೆ ಬಂದು ಸೇರಿದ್ದು ಡೆಕ್ಕನ್ ಕಾಲೇಜನ್ನು. ಇಂಡಿ ತಾಲ್ಲೂಕಿನ ನಿಂಬಾಳದ ಗುರುದೇವ ರಾನಡೆಯವರೆಂದು ಉತ್ತರ ಕರ್ನಾಟಕ ಕೈಮುಗಿಯುವುದು ಇವರಿಗೇ. ಉಪನಿಷತ್ತುಗಳ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಗ್ರಂಥ 1926ರಲ್ಲಿ ಬಂತು. ಕನ್ನಡದ ಅನುಭಾವಿಗಳ ಕುರಿತ ಅವರ ಉಪನ್ಯಾಸಗಳೂ ಪುಸ್ತಕವಾದವು. ಅದೇ ಜಮಖಂಡಿಯ ಸಂಸ್ಥಾನಿಕರು ಕೊಟ್ಟ ದೇಣಿಗೆಯಿಂದಲೇ ಪುಣೆಯ ಇನ್ನೊಂದು ಕಾಲೇಜಿಗೆ ಸರ್ ಪರಶುರಾಮಭಾವೂ ಎಂಬ ಹೆಸರು ಬಂದದ್ದು. ಎಸ್.ಪಿ. ಕಾಲೇಜು ಎಂದು ಪುಣೆಯ ರಿಕ್ಷಾದವರು ಹೇಳುವಾಗ ಅದರಲ್ಲಿ ಕೃಷ್ಣಾ ತೀರದ ಒಂದು ಕನ್ನಡ ಊರಿನ ಹಣವೂ ಇದೆ ಎಂಬುದು ನಮಗೇ ಮರೆತುಹೋಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಎದ್ದು ಕಾಣುತ್ತದೆ. ಡೆಕ್ಕನ್ ಕಾಲೇಜಿನ ಹೆಸರುವಾಸಿ ವಿದ್ಯಾರ್ಥಿಗಳು ಕಟ್ಟಿದ್ದೆಲ್ಲ ಹೊರಗೆ. ಶಾಲೆ, ಕಾಲೇಜು, ಮಂಡಳ, ಪತ್ರಿಕೆ ಎಲ್ಲವೂ ನದಿಯ ಈಚೆ ದಡದಲ್ಲಿ, ಊರೊಳಗೆ. ಅದು ಸಹಜವೂ ಹೌದು. ಯೆರವಡಾದ ಕಾಲೇಜು ಸರ್ಕಾರದ್ದು, ಅವರಿಗೆ ಬೇಕಿದ್ದದ್ದು ತಮ್ಮವರೇ ನಡೆಸುವ ವಿದ್ಯಾಸಂಸ್ಥೆ. ಬೇರೆ ಕಾಲೇಜುಗಳು ಬೆಳೆದ ಹಾಗೆ, ‘ಇದ್ಯಾಕೆ ಬೇಕು’ ಎಂದು ಸರ್ಕಾರ ಕೇಳುವುದೂ ಸುಲಭವಾಯಿತು. 1930ರ ಆಚೀಚೆ ಜಗತ್ತೆಲ್ಲ ಆರ್ಥಿಕ ಕುಸಿತದ ಹೊಡೆತ ತಿನ್ನುತ್ತಿತ್ತು. 1934ರಲ್ಲಿ, ನೂರ ಹದಿಮೂರು ವರ್ಷದ ಸಂಸ್ಥೆಯನ್ನು ಒಂದು ಆಡಳಿತ ನಿರ್ಧಾರ ಮುಚ್ಚಿಹಾಕಿತು. ಆ ಹೊತ್ತಿಗೆ ತಿಲಕರಿರಲಿಲ್ಲ, ಆಗರ್ಕರ್ ಇರಲಿಲ್ಲ, ಭಂಡಾರ್ಕರ್ ಮತ್ತು ರಾಜವಾಡೆ ಕೂಡ ಕಣ್ಮುಚ್ಚಿದ್ದರು. ಉಳಿದವರು ವಕೀಲರು, ಮೇಷ್ಟರು, ನಿವೃತ್ತ ಅಧಿಕಾರಿಗಳು. ಅವರು ಮೊಕದ್ದಮೆ ಹೂಡಿದರು. ಸಂಸ್ಥೆಯ ಇತಿಹಾಸ ಅವರನ್ನು ಒಟ್ಟಾಗಿ ನೆನೆಯುವುದು ‘ಹಳೆಯ ವಿದ್ಯಾರ್ಥಿಗಳು’ ಎಂಬ ಒಂದೇ ಮಾತಿನಲ್ಲಿ.

ಸರ್ಕಾರದ ವಿರುದ್ಧ ಅವರ ನೈತಿಕ ಬಲ ಏನಿತ್ತು? ಕಟ್ಟಡದ ಅರ್ಧ ಹಣ ಸರ್ಕಾರದ್ದಲ್ಲ ಎಂಬುದನ್ನು ಈಗ ನೆನೆಯಿರಿ. ಅದರ ಹಿಂದೆ ದಕ್ಷಿಣೆಯ ನಿಧಿಯೂ ಇತ್ತು. ವಿದ್ಯೆಗೆಂದು ಒಬ್ಬರು ಕೊಟ್ಟದ್ದನ್ನು ತೆಗೆದುಕೊಂಡವರು, ಅವರು ಸತ್ತು ಹೋದರೆಂಬ ಕಾರಣಕ್ಕೆ, ತಮ್ಮ ಇಷ್ಟದಂತೆ ಬಳಸಬಹುದೇ? ಬಳಸಬಾರದು ಎಂಬುದು ನಮ್ಮ ಕಾನೂನಿಗಿಂತ ಬಹಳ ಹಳೆಯ ತಿಳಿವಳಿಕೆ. ಕನ್ನಡ ನಾಡಿನ ಯಾವ ದಾನಶಾಸನ ನೋಡಿದರೂ ಕೊನೆಯ ಸಾಲುಗಳಲ್ಲಿ ಇದೇ ಕಾಳಜಿ ಕಾಣುತ್ತದೆ. ತಾನು ಕೊಟ್ಟ ಭೂಮಿಯನ್ನು ಮುಂದೆ ಬರುವ ಅರಸ ಕಿತ್ತುಕೊಂಡಾನು ಎಂಬ ಭಯ ದಾನಿಗೆ. ಅದಕ್ಕೇ ಅಳಿದವನಿಗೆ ಶಾಪ, ಉಳಿಸಿದವನಿಗೆ ಪುಣ್ಯ. ಕೊಡುವುದು, ಕೊಟ್ಟದ್ದನ್ನು ಕಾಯುವುದು ಇವೆರಡರಲ್ಲಿ ಕಾಯುವುದೇ ಹೆಚ್ಚಿನದು ಎಂದು ನಮ್ಮ ಶಾಸನಗಳು ನೂರಾರು ಊರುಗಳ ಕಲ್ಲಿನ ಮೇಲೆ ಮತ್ತೆ ಮತ್ತೆ ಕೊರೆದಿಟ್ಟಿವೆ. ಕೊಡುವವನಿಗೆ ಹೆಸರು ಬರುತ್ತದೆ. ಕಾಯುವವನಿಗೆ ಖರ್ಚು, ಓಡಾಟ, ಅಧಿಕಾರಿಗಳ ಸಿಟ್ಟು. ಆ ಹೋಲಿಕೆಯಲ್ಲಿ ಶಾಸನ ಬರೆದವರು ಯಾಕೆ ಕಾಯುವವನ ಪಕ್ಷ ವಹಿಸಿದರೆಂದು ಯೆರವಡಾದ ಪ್ರಕರಣ ಓದಿದರೆ ಅರ್ಥವಾಗುತ್ತದೆ.

ಸರ್ಕಾರ ಮಣಿಯಬೇಕಾಯಿತು. ಕಾಲೇಜು ಸ್ನಾತಕೋತ್ತರ ಸಂಶೋಧನಾ ಸಂಸ್ಥೆಯಾಗಿ ಮತ್ತೆ ತೆರೆಯಿತು. ದಿನಾಂಕ ಇನ್ನೊಮ್ಮೆ ಗಮನಿಸಿ: 1939ರ ಆಗಸ್ಟ್ 17. ಎರಡು ವಾರ ಕಳೆದು ಸೆಪ್ಟೆಂಬರ್ 1ಕ್ಕೆ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಮುಂಬಯಿಯಲ್ಲಿ ಆಗ ಆಡಳಿತ ನಡೆಸುತ್ತಿದ್ದ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೊರಬಂತು. ಯುದ್ಧದ ಖರ್ಚಿನ ನಡುವೆ ಮುಚ್ಚಿದ ಕಾಲೇಜೊಂದನ್ನು ತೆರೆಯುವ ಮನಸ್ಸು ಯಾರಿಗಿರುತ್ತಿತ್ತು? ಆ ಹಳೆಯ ವಿದ್ಯಾರ್ಥಿಗಳು ಇನ್ನೊಂದು ವರ್ಷ ತಡಮಾಡಿದ್ದರೆ ಬಾಗಿಲು ತೆರೆಯುತ್ತಿತ್ತು ಎಂದು ನನಗನ್ನಿಸುವುದಿಲ್ಲ.

ತೆರೆದ ಬಾಗಿಲಿನಿಂದ ಒಳಗೆ ಬಂದವರ ಕತೆ ನಮಗೆ, ಕನ್ನಡಿಗರಿಗೆ, ವಿಶೇಷವಾಗಿ ಬೇಕಾದದ್ದು. ಮೊದಲ ನಿರ್ದೇಶಕರು ಪಾರ್ಸಿ ವಿದ್ವಾಂಸ ಐ.ಜೆ.ಎಸ್. ತಾರಾಪೋರ್‌ವಾಲಾ. ಪುರಾತತ್ತ್ವಕ್ಕೆ ಎಚ್.ಡಿ. ಸಾಂಕಲಿಯಾ, ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರಕ್ಕೆ ಇರಾವತಿ ಕರ್ವೆ, ಮರಾಠರ ಇತಿಹಾಸಕ್ಕೆ ತ್ರ್ಯಂಬಕ ಶಂಕರ ಶೇಜವಲ್ಕರ್. ಭಾಷಾವಿಜ್ಞಾನಕ್ಕೆ ಬಂದ ಸುಮಿತ್ರ ಮಂಗೇಶ ಕತ್ರೆ 1906ರಲ್ಲಿ ನಮ್ಮ ಹೊನ್ನಾವರದಲ್ಲಿ ಹುಟ್ಟಿದವರು. ಕೊಂಕಣಿ ಭಾಷೆ ಹೇಗೆ ರೂಪುಗೊಂಡಿತೆಂದು ಮೊದಲು ಶಾಸ್ತ್ರೀಯವಾಗಿ ಬರೆದವರಲ್ಲಿ ಒಬ್ಬರು. 1942ರಲ್ಲಿ ನಿರ್ದೇಶಕರಾಗಿ 1971ರವರೆಗೆ ಸಂಸ್ಥೆಯನ್ನು ನಡೆಸಿದರು. ಇಪ್ಪತ್ತೊಂಬತ್ತು ವರ್ಷ! ಭಾರತದಲ್ಲಿ ಆಧುನಿಕ ಭಾಷಾವಿಜ್ಞಾನಕ್ಕೆ ನೆಲೆ ಸಿಕ್ಕದ್ದು ಅವರ ಕಾಲದ ಯೆರವಡಾದಲ್ಲಿ ಎಂದರೆ ಉತ್ಪ್ರೇಕ್ಷೆಯಲ್ಲ.

ಆ ಸಂಸ್ಥೆ ತನ್ನ ಸಂಶೋಧನ ಪ್ರಬಂಧಗಳನ್ನು ಮಾಲೆಯಾಗಿ ಅಚ್ಚು ಹಾಕಲು ಹೊರಟಾಗ ಅದರ ಮೊದಲನೆಯ ಪುಸ್ತಕವಾದದ್ದು ಕನ್ನಡದ್ದು. ಜಿ.ಎಸ್. ಗಾಯಿ ಅವರ ಹಳಗನ್ನಡದ ಚಾರಿತ್ರಿಕ ವ್ಯಾಕರಣ, 1946ರಲ್ಲಿ ಬಂದದ್ದು. ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಕನ್ನಡ ಶಾಸನಗಳನ್ನಷ್ಟೇ ಆಧಾರವಾಗಿಟ್ಟುಕೊಂಡು ಗಾಯಿಯವರು ನಮ್ಮ ನುಡಿ ಹೇಗೆ ಬದಲಾಯಿತೆಂದು ತೋರಿಸ ಹೊರಟರು. ದಾನವನ್ನು ಕಾಯಿರಿ ಎನ್ನುವ ಶಾಸನಗಳ ಭಾಷೆಯನ್ನು, ಕಾಯ್ದುಕೊಂಡ ದಾನದ ಮನೆಯಲ್ಲಿ ಕೂತು ಅಭ್ಯಾಸ ಮಾಡಿದ್ದು ಕಾಕತಾಳೀಯವೇ ಇರಬಹುದು. ಆದರೂ ನನಗೆ ಅದು ಬಹಳ ಪ್ರಿಯವಾದ ಸಂಗತಿ. ಗಾಯಿಯವರು ಮುಂದೆ ಕೇಂದ್ರ ಪುರಾತತ್ತ್ವ ಇಲಾಖೆಯಲ್ಲಿ ಶಾಸನಶಾಸ್ತ್ರದ ಮುಖ್ಯಸ್ಥರಾದರು.

ಐವತ್ತರ ದಶಕದಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಬಂತು. ಡೆಕ್ಕನ್ ಕಾಲೇಜಿನಲ್ಲಿ ನಡೆದ ಭಾಷಾವಿಜ್ಞಾನ ಶಿಬಿರಗಳಲ್ಲಿ ದೇಶದ ಮೂಲೆಮೂಲೆಯ ತರುಣರು ತರಬೇತಿ ಪಡೆದರು. ಅಮೆರಿಕದ ವಿಲಿಯಂ ಬ್ರೈಟ್ ಆಡುಗನ್ನಡದ ರಚನೆಯ ಬಗ್ಗೆ ಬರೆದ ಪುಸ್ತಕವನ್ನು 1958ರಲ್ಲಿ ಪ್ರಕಟಿಸಿದ್ದು ಈ ಸಂಸ್ಥೆಯೇ. ಆಮೇಲೆ ಬಂದ ಪುಸ್ತಕಗಳು ಇನ್ನೂ ಹತ್ತಿರದವು: ಎ.ಎಸ್. ಆಚಾರ್ಯರ ಹಾಲಕ್ಕಿ ಕನ್ನಡ, ಯು.ಪಿ. ಉಪಾಧ್ಯಾಯರ ನಂಜನಗೂಡು ಕನ್ನಡ, ಆರ್. ಮಹಾದೇವನ್ ಅವರ ಗುಲ್ಬರ್ಗ ಕನ್ನಡ, ಡಿ.ಎನ್. ಶಂಕರ ಭಟ್ಟರ ಹವ್ಯಕ ಕನ್ನಡ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರು ಮನೆಯಲ್ಲಿ ಆಡುವ ಮಾತಿಗೂ ಒಂದು ವ್ಯಾಕರಣವಿದೆ, ಅದು ಕೆಟ್ಟ ಕನ್ನಡವಲ್ಲ, ಇನ್ನೊಂದು ಕನ್ನಡ ಎಂಬ ಗೌರವ ಈ ಪುಸ್ತಕಗಳಲ್ಲಿದೆ. ಪುತ್ತೂರಿನ ಕಡೆಯಿಂದ ಹೋಗಿ ಯೆರವಡಾದಲ್ಲಿ ಡಾಕ್ಟರೇಟ್ ಮಾಡಿದ ಶಂಕರ ಭಟ್ಟರು, ಕನ್ನಡಕ್ಕೆ ಸಂಸ್ಕೃತದ ಅಚ್ಚಿನ ವ್ಯಾಕರಣ ಸಾಲದು ಎಂದು ಮುಂದೆ ವಾದಿಸಿ ನಾಡಿನಲ್ಲೆಲ್ಲ ಚರ್ಚೆ ಎಬ್ಬಿಸಿದರು. ಉಪಾಧ್ಯಾಯರು ಉಡುಪಿಗೆ ಬಂದು ತುಳು ನಿಘಂಟಿನ ಆರು ಸಂಪುಟಗಳ ಕೆಲಸವನ್ನು ಮುಗಿಸಿದರು. ಕನ್ನಡ ಭಾಷಾವಿಜ್ಞಾನದ ಒಂದು ಇಡೀ ತಲೆಮಾರು ಹಾದುಹೋದ ಬಾಗಿಲು ಅದು.

ಪುರಾತತ್ತ್ವದವರೂ ನಮ್ಮ ಕಡೆಗೇ ಬಂದರು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಸಾಂಕಲಿಯಾ ಮತ್ತು ಅವರ ಜೊತೆಯವರು ಅಗೆದರು. ತೆಕ್ಕಲಕೋಟೆಯ ಗುಡ್ಡದ ಮೇಲೆ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ 1963-64ರಲ್ಲಿ ನಡೆಸಿದ ಉತ್ಖನನದ ವರದಿಯನ್ನು ಡೆಕ್ಕನ್ ಕಾಲೇಜು ಪ್ರಕಟಿಸಿತು. ಸುರಪುರದ ದೋಆಬಿನಲ್ಲಿ ಸಂಶೋಧನೆ ಮಾಡಿ ಅಲ್ಲೇ ಡಾಕ್ಟರೇಟ್ ಪಡೆದ ಕೆ. ಪದ್ದಯ್ಯ, ಆಮೇಲೆ ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ತಿರುಗಿದರು. ಈಗ ಯಾದಗಿರಿ ಜಿಲ್ಲೆಯಲ್ಲಿರುವ ಇಸಾಂಪುರದಲ್ಲಿ ಆದಿಮಾನವ ಸುಣ್ಣಕಲ್ಲು ಸೀಳಿ ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಪತ್ತೆ ಹಚ್ಚಿದರು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಕಾಲಗಣನೆಯಿಂದ ಅದು ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅವರ ತಂಡ ಪ್ರಕಟಿಸಿತು. ಪದ್ದಯ್ಯ ತಾವು ಓದಿದ ಸಂಸ್ಥೆಗೇ ನಿರ್ದೇಶಕರಾದರು. 2012ರಲ್ಲಿ ಪದ್ಮಶ್ರೀ ಬಂತು. ಹಳೆಯ ವಿದ್ಯಾರ್ಥಿಯ ಕೊಡುಗೆ ಎಂದರೆ ಇಂಥದ್ದೂ ಹೌದು.

ಇವೆಲ್ಲಕ್ಕಿಂತ ದೊಡ್ಡ ಕೆಲಸ ಇನ್ನೂ ನಡೆಯುತ್ತಿದೆ. 1948ರಲ್ಲಿ ಕತ್ರೆಯವರು ಚಾರಿತ್ರಿಕ ತತ್ತ್ವದ ಮೇಲೆ ಸಂಸ್ಕೃತ ನಿಘಂಟಿನ ಕೆಲಸ ಶುರುಮಾಡಿದರು. ಒಂದೊಂದು ಶಬ್ದವೂ ಮೊದಲು ಎಲ್ಲಿ ಕಾಣಿಸಿತು, ಯಾವ ಕಾಲದಲ್ಲಿ ಯಾವ ಅರ್ಥ ಪಡೆಯಿತು ಎಂಬುದನ್ನು ಸಾವಿರಕ್ಕೂ ಹೆಚ್ಚು ಗ್ರಂಥಗಳಿಂದ ಚೀಟಿಗಳಲ್ಲಿ ಬರೆದಿಟ್ಟರು. ಚೀಟಿಗಳ ಸಂಖ್ಯೆ ಒಂದು ಕೋಟಿಯ ಹತ್ತಿರ. ಮೊದಲ ಸಂಪುಟದ ಅಚ್ಚು ಶುರುವಾದದ್ದು 1976ರಲ್ಲಿ. ಅಂದಿನಿಂದ ಸಂಪುಟಗಳು ಬರುತ್ತಲೇ ಇವೆ, ಕೊನೆ ಇನ್ನೂ ದೂರವಿದೆ. ಐದು ವರ್ಷಕ್ಕೊಮ್ಮೆ ಫಲಿತಾಂಶ ಕೇಳುವ ಯಾವ ಖಾಸಗಿ ಕಂಪನಿಯೂ ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ. ನಿಧಾನದ ವಿದ್ಯೆಗೆ ನಿಂತ ನೆಲ ಬೇಕು. ಆ ನೆಲವನ್ನು 1939ರಲ್ಲಿ ಉಳಿಸಿಕೊಂಡದ್ದರಿಂದ ಇದು ಸಾಧ್ಯವಾಯಿತು. 1990ರಲ್ಲಿ ಡೆಕ್ಕನ್ ಕಾಲೇಜಿಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು.

ಇನ್ನು ನಮ್ಮ ಮನೆಯ ವಿಷಯ. ಕರ್ನಾಟಕದ ಹಳೆಯ ಕಾಲೇಜುಗಳಲ್ಲಿ ಜನರ ಹಣದಿಂದ ಎದ್ದವು ಎಷ್ಟೋ ಇವೆ. ಧಾರವಾಡದ ಕರ್ನಾಟಕ ಕಾಲೇಜಿಗಾಗಿ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಊರೂರು ತಿರುಗಿ ವಂತಿಗೆ ಎತ್ತಿದರು. ಬೆಳಗಾವಿಯಲ್ಲಿ ಏಳು ಜನ ಸೇರಿ 1916ರಲ್ಲಿ ಕೆ.ಎಲ್.ಇ. ಸೊಸೈಟಿ ಕಟ್ಟಿದಾಗ, ಕಡಿಮೆ ಸಂಬಳಕ್ಕೆ ಬಾಳೆಲ್ಲ ದುಡಿಯುವ ಆಜೀವ ಸದಸ್ಯರೆಂಬ ಪುಣೆಯ ಮಾದರಿ ಅವರ ಕಣ್ಣ ಮುಂದಿತ್ತು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. ಅವರ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದ ಮನೆತನಗಳು ಉತ್ತರ ಕರ್ನಾಟಕದ ತುಂಬ ಇವೆ. ಇವು ದೊಡ್ಡವು, ಹೆಸರು ಉಳಿದವು. ನನಗೆ ಹೆಚ್ಚು ಚಿಂತೆಯಾಗುವುದು ಸಣ್ಣ ದತ್ತಿಗಳ ಬಗ್ಗೆ.

ದತ್ತಿ ಎಂದರೆ ಮೂಲಧನ ಮುಟ್ಟದೆ, ಅದರ ಬಡ್ಡಿಯಲ್ಲಿ ಕೊಟ್ಟವರು ಹೇಳಿದ ಕೆಲಸ ನಡೆಸುವುದು. ನಿವೃತ್ತ ಮೇಷ್ಟರೊಬ್ಬರು ತೀರಿಹೋದ ಹೆಂಡತಿಯ ಹೆಸರಿನಲ್ಲಿ ಚಿನ್ನದ ಪದಕ ಇಟ್ಟಿರುತ್ತಾರೆ. ಬಡ ಹುಡುಗಿಯೊಬ್ಬಳ ಹಾಸ್ಟೆಲ್ ಖರ್ಚಿಗೆಂದು ಒಬ್ಬ ರೈತ ಒಂದಿಷ್ಟು ಸಾವಿರ ಕಟ್ಟಿರುತ್ತಾನೆ. 1970ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಇನ್ನೂರು ರೂಪಾಯಿಯೂ ಇರಲಿಲ್ಲ. 2025ರಲ್ಲಿ ಅದು ಒಂದು ಲಕ್ಷ ದಾಟಿತು. ಅಂದು ಐದು ಸಾವಿರ ಇಟ್ಟವರ ಬಡ್ಡಿಯಲ್ಲಿ ಇಂದು ಪದಕದ ಪೆಟ್ಟಿಗೆ ಕೊಳ್ಳುವುದೂ ಕಷ್ಟ. ಹಾಗಾಗಿ ಪದಕ ನಿಂತುಹೋಗುತ್ತದೆ, ಇಲ್ಲವೇ ಬೆಳ್ಳಿಗೆ ಬಂಗಾರದ ನೀರು ಹಾಕಿದ್ದು ಬರುತ್ತದೆ. ಹಣ ಮಾತ್ರ ಬ್ಯಾಂಕಿನ ಯಾವುದೋ ಠೇವಣಿಯಲ್ಲಿ, ಯಾವುದೋ ಲೆಡ್ಜರಿನ ಸಾಲಿನಲ್ಲಿ ಉಳಿದಿರುತ್ತದೆ. ಕೊಟ್ಟವರ ಮಕ್ಕಳು ಊರು ಬಿಟ್ಟಿರುತ್ತಾರೆ. ಗುಮಾಸ್ತರು ಬದಲಾಗಿರುತ್ತಾರೆ. ಕೇಳುವವರೇ ಇಲ್ಲದ ದತ್ತಿ ಹೀಗೆ ಸದ್ದಿಲ್ಲದೆ ಸಾಯುತ್ತದೆ.

ಕೇಳಬಹುದಾದವರು ಇದ್ದಾರೆ. ಆ ಪದಕ ಪಡೆದವರು, ಆ ವಿದ್ಯಾರ್ಥಿವೇತನದಲ್ಲಿ ಓದಿದವರು, ಆ ಕಟ್ಟಡದಲ್ಲಿ ಕೂತು ಪಾಠ ಕೇಳಿದವರು. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘಗಳು ವರ್ಷಕ್ಕೊಮ್ಮೆ ಸೇರಿ, ಗುರುಗಳಿಗೆ ಶಾಲು ಹೊದಿಸಿ, ಊಟ ಮಾಡಿ, ಫೋಟೊ ತೆಗೆಸಿಕೊಂಡು ಹೋಗುತ್ತವೆ. ಗುರುಗಳಿಗೆ ಗೌರವ ಸಲ್ಲಲಿ, ಅದು ಬೇಕಾದದ್ದೇ. ಅದರ ಜೊತೆಗೆ ಒಂದು ಸಣ್ಣ ಸಮಿತಿ ಮಾಡಿ ಕಾಲೇಜಿನ ದತ್ತಿಗಳ ಪಟ್ಟಿ ತಯಾರಿಸಿದರೆ ಎಷ್ಟು ಒಳ್ಳೆಯದಾಗುತ್ತದೆ! ಯಾರು, ಯಾವ ವರ್ಷ, ಎಷ್ಟು ಕೊಟ್ಟರು. ಯಾವ ಷರತ್ತಿನ ಮೇಲೆ. ಈಗ ಮೂಲಧನ ಎಷ್ಟಿದೆ, ಕೊನೆಯ ಬಾರಿ ಯಾವಾಗ ಬಳಕೆಯಾಯಿತು. ಸಾಲದ ದತ್ತಿಗೆ ಹತ್ತು ಜನ ಸೇರಿ ಮೂಲಧನ ತುಂಬಿಸಿದರೆ ಹೊಸ ಹೆಸರಿನ ಫಲಕವೂ ಬೇಡ, ಹಳೆಯ ಹೆಸರೇ ಬದುಕುತ್ತದೆ. ದಾನಿಯ ಷರತ್ತು ಈ ಕಾಲಕ್ಕೆ ಹೊಂದದಿದ್ದರೆ, ಒಂದೇ ಜಾತಿಗೆ ಎಂದಿದ್ದರೆ ಅಥವಾ ಈಗ ಇಲ್ಲದ ಕೋರ್ಸಿಗೆ ಎಂದಿದ್ದರೆ, ಮೂಲ ಉದ್ದೇಶಕ್ಕೆ ತೀರ ಹತ್ತಿರವಾದ ಬೇರೆ ಬಳಕೆಗೆ ನ್ಯಾಯಾಲಯದ ಮೂಲಕ ತಿರುಗಿಸಲು ಕಾನೂನಿನಲ್ಲೇ ದಾರಿ ಇದೆ. ಎಲ್ಫಿನ್‌ಸ್ಟನ್ ದಕ್ಷಿಣೆಯನ್ನು ತಿರುಗಿಸಿದ್ದೂ ಒಂದು ರೀತಿಯಲ್ಲಿ ಇದೇ ಕೆಲಸ.

ಸಂಸ್ಥೆ ಮಾತಿಗೆ ಬಗ್ಗದಿದ್ದರೆ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಂ ಸಾರ್ವಜನಿಕ ಧರ್ಮದತ್ತಿಗಳಿಗೆಂದೇ ಇದೆ. ದತ್ತಿಯಲ್ಲಿ ಹಿತಾಸಕ್ತಿ ಇರುವ ಇಬ್ಬರು ಸೇರಿದರೆ ಸಾಕು, ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಹಿಂದೆ ಇದಕ್ಕೆ ಅಡ್ವೊಕೇಟ್ ಜನರಲ್ ಅವರ ಲಿಖಿತ ಒಪ್ಪಿಗೆ ಬೇಕಿತ್ತು. 1976ರ ತಿದ್ದುಪಡಿ ಆ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಲೆಕ್ಕ ಕೇಳುವುದು, ಟ್ರಸ್ಟಿಯನ್ನು ಬದಲಿಸುವುದು, ದತ್ತಿ ನಡೆಸಲು ಹೊಸ ಯೋಜನೆ ಹಾಕಿಸುವುದು ಇವೆಲ್ಲ ಆ ಕಲಮಿನ ವ್ಯಾಪ್ತಿಯಲ್ಲಿವೆ. ಆದರೆ ಅಷ್ಟು ದೂರ ಹೋಗುವ ಮೊದಲು ಕಾಗದ ಕೈಯಲ್ಲಿರಬೇಕು, ಅದು ಕಷ್ಟವಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳು ಮಾಹಿತಿ ಹಕ್ಕು ಕಾಯ್ದೆಯ ಅಡಿ ಬರುತ್ತವೆ. ಸರ್ಕಾರದ ಅನುದಾನವನ್ನೇ ಬಹುಮಟ್ಟಿಗೆ ನೆಚ್ಚಿಕೊಂಡ ಖಾಸಗಿ ಕಾಲೇಜುಗಳಿಗೂ ಅದು ಅನ್ವಯವಾಗುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕುಲಸಚಿವರ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ, ದತ್ತಿನಿಧಿಗಳ ವಹಿಯ ನಕಲು ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ.